ಅರವತ್ತು ಮಾವ ಕೂತ ಹಲಗೆ

ಹವಾಮಾನ ಕಚೇರಿಯ ಎರಡನೇ ನಂಬರ್ ವ್ಯಾನಿನ ಡ್ರೈವರನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ರಾಡಾರಿನ ಮುಂದೆ ಕೂರುವ ಮೇಡಂವರೆಗೆ ಎಲ್ಲರಿಗೂ ಅವನು 'ಅರವತ್ತು'. ವಯಸ್ಸಿಗೆ ಬಿದ್ದ ಹೆಸರಲ್ಲ, ಅದಕ್ಕಿನ್ನೂ ಎರಡು ವರ್ಷ ಬಾಕಿಯಿದೆ. ವೇಗಕ್ಕೆ ಬಿದ್ದ ಹೆಸರು. ರಸ್ತೆ ಕನ್ನಡಿಯಂತಿರಲಿ, ಹಿಂದಿನ ಲಾರಿಯವನು ಕಿವಿ ಹರಿದುಹೋಗುವಂತೆ ಹಾರ್ನ್ ಬಾರಿಸಲಿ, ಮುಂದೆ ಆಕಾಶವೇ ಕಳಚಿ ಬೀಳುತ್ತಿರಲಿ, ಮುಳ್ಳು ಅರವತ್ತು ದಾಟುವುದಿಲ್ಲ. ಈ ಕೆಲಸಕ್ಕೆ ಸೇರುವ ಮೊದಲು ಹನ್ನೊಂದು ವರ್ಷ ಅವನು ಕಿಟಕಿ ಗಾಜು ಸಾಗಿಸುವ ಲಾರಿ ಓಡಿಸಿದ್ದ. ಒಂದೇ ಒಂದು ಗಾಜು ಸೀಳಿರಲಿಲ್ಲ. ಆ ಲಾರಿ ಬಿಟ್ಟು ಇಪ್ಪತ್ತು ವರ್ಷ ಆಯಿತು, ಆದರೆ ಅವನ ತಲೆಯೊಳಗಿನ ಲೋಡನ್ನು ಮಾತ್ರ ಯಾರೂ ಇಳಿಸಿಕೊಂಡಿಲ್ಲ.

ಈಗಿನ ಕೆಲಸ ಬಿರುಮಳೆಯನ್ನು ಬೆನ್ನಟ್ಟುವುದು. ಮೋಡ ಗಂಟೆಗೆ ಎಪ್ಪತ್ತರಲ್ಲಿ ಓಡುತ್ತದೆ, ಇವನು ಅರವತ್ತರಲ್ಲಿ. ಮುಂದಿನದನ್ನು ವಿವರಿಸಬೇಕಾಗಿಲ್ಲ.

ಅದನ್ನು ದಿನಾ ವಿವರಿಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತಿದ್ದವನು ಪಕ್ಕದ ಸೀಟಿನ ವೀಕ್ಷಕ, ಅಂದರೆ ಅವನ ಸೋದರಳಿಯ. ಇಪ್ಪತ್ತಾರು ವರ್ಷ. ಭೌತಶಾಸ್ತ್ರದ ಪರೀಕ್ಷೆಗೆ ಮೂರು ಸಲ ಕೂತು ಎರಡು ಸಲ ಮಣ್ಣು ಮುಕ್ಕಿದವನು. ಕೆಲಸಕ್ಕೆ ಸೇರಿದ ದಿನ ಕನ್ನಡಿಯ ಮುಂದೆ ಕಚೇರಿಯ ಟೋಪಿ ಹಾಕಿಕೊಂಡು, ಸೊಂಟಕ್ಕೆ ಕೈಕೊಟ್ಟು, ಮಿಂಚಿನ ಎದುರು ನಿಂತವನ ಹಾಗೆ ಕಣ್ಣು ಕಿರಿದು ಮಾಡಿ ನೋಡಿಕೊಂಡಿದ್ದ. ನಿಜವಾದ ಗುಡುಗು ಕೇಳಿದರೆ ಮಾತ್ರ ಅವನ ಭುಜಗಳು ಇವತ್ತಿಗೂ ಕಿವಿಯವರೆಗೆ ಏರುತ್ತವೆ. ಮಾವ ಅವನನ್ನು ಕರೆಯುವುದು 'ವಿಜ್ಞಾನಿ' ಎಂದು. ಹೊಗಳಿಕೆಗಲ್ಲ.

ಕೆಲಸ ಕೊಡಿಸಿದ್ದು ಮಾವನೇ. ಕೊಡಿಸಿದ ದಿನದಿಂದ ಅದನ್ನು ನೆನಪಿಸುವ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ. ಅಳಿಯನ ಅಮ್ಮನಿಗೂ, ಅಂದರೆ ಮಾವನ ಸ್ವಂತ ಅಕ್ಕನಿಗೂ, ಮಾವನಿಗೂ ಮೂರು ವರ್ಷದಿಂದ ಮಾತಿಲ್ಲ. ಕಾರಣ ಒಂದು ಹೊಲಿಗೆ ಮಷೀನು. ಅಜ್ಜಿ ತೀರಿಕೊಂಡ ಮೇಲೆ ಅದು ಯಾರ ಮನೆ ಸೇರಬೇಕು ಎಂಬುದರಲ್ಲಿ ಶುರುವಾದದ್ದು, ಹೊಲಿಯಲು ಬಾರದ ಮಾವನ ಮನೆಯ ಮೂಲೆಯಲ್ಲಿ ಮಷೀನು ಸುಮ್ಮನೆ ಕೂತಿದ್ದರೂ ಮುಗಿದಿರಲಿಲ್ಲ. "ನಿನ್ನ ಮಾವನಿಗೆ ಹೇಳು" ಎಂದು ಇಲ್ಲಿಂದ, "ನಿಮ್ಮಮ್ಮನಿಗೆ ಹೇಳು" ಎಂದು ಅಲ್ಲಿಂದ. ವ್ಯಾನಿನ ವೈರ್‌ಲೆಸ್‌ಗಿಂತ ಹೆಚ್ಚು ಸಂದೇಶ ಈ ಅಳಿಯನ ಮೂಲಕ ಹೋಗುತ್ತಿತ್ತು.

ನಿಜ ಹೇಳಬೇಕೆಂದರೆ ಆ ಜಗಳ ಮುಗಿಯದಿರುವುದೇ ಅವನಿಗೆ ಬೇಕಾಗಿತ್ತು. ಯಾಕೆಂದರೆ ಅಮ್ಮನ ಹತ್ತಿರ ಅವನು, ಕೆಲಸ ಕಾಯಂ ಆಯಿತು ಎಂದು ಆರು ತಿಂಗಳ ಹಿಂದೆಯೇ ಹೇಳಿಬಿಟ್ಟಿದ್ದ. ಅಮ್ಮ ಬೀದಿಗೆಲ್ಲ ಹೇಳಿದ್ದಳು. ಅವನ ಗುರುತಿನ ಚೀಟಿಯ ನಕಲು ಮಾಡಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ಕಾಯಂ ಆಗಿಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅವಳೊಂದಿಗೆ ಮಾತು ಬಿಟ್ಟಿದ್ದ. ಇಷ್ಟು ಗಟ್ಟಿಯಾದ ಬೀಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆ ದಿನ ಋತುವಿನ ಕೊನೆಯ ಓಟ. ವ್ಯಾನಿನ ಹಿಂದೆ ಹದಿನೆಂಟು ಹಲಗೆಗಳಿದ್ದವು. ಒಂದೊಂದೂ ಮೊಳದುದ್ದದ ಗಟ್ಟಿ ಫೋಮ್ ತುಂಡು, ಮೇಲೆ ಅಡುಗೆಮನೆಯಲ್ಲಿ ಊಟ ಸುತ್ತುವ ಅಲ್ಯೂಮಿನಿಯಂ ಹಾಳೆ. ಬಿರುಮಳೆಯ ದಾರಿಯಲ್ಲಿ ಇವನ್ನು ಬಯಲಲ್ಲಿ ಹಾಸಿಟ್ಟು ಓಡಿಬರಬೇಕು. ಆಲಿಕಲ್ಲು ಬಿದ್ದಲ್ಲಿ ಗುಳಿಯಾಗುತ್ತದೆ, ಗುಳಿ ಅಳೆದರೆ ಕಲ್ಲಿನ ಗಾತ್ರ ತಿಳಿಯುತ್ತದೆ. ನಿಂಬೆಹಣ್ಣಿನ ಗಾತ್ರದ ಕಲ್ಲು ಬಿದ್ದ ಒಂದು ಹಲಗೆ, ಅದು ಎಲ್ಲಿ ಎಷ್ಟು ಹೊತ್ತಿಗೆ ಇತ್ತು ಎಂಬ ಲಾಗ್‌ಬುಕ್ಕಿನ ಪುಟದ ಸಮೇತ ಸಿಕ್ಕಿದರೆ, ಈ ಬೆನ್ನಟ್ಟುವ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತದೆ, ವೀಕ್ಷಕನ ಹುದ್ದೆ ಕಾಯಂ. ಸಿಗದಿದ್ದರೆ ಸೋಮವಾರ ವ್ಯಾನು ಶೆಡ್ಡಿಗೆ, ಮಾವ ಕಚೇರಿ ಸಾಹೇಬರ ಕಾರಿಗೆ, ಅಳಿಯ ಮನೆಗೆ. ಹಿಂದಿನ ಇಪ್ಪತ್ತೆರಡು ಓಟಗಳಲ್ಲಿ ಅವರಿಗೆ ಸಿಕ್ಕಿದ್ದು ಬಟಾಣಿ ಗಾತ್ರದ್ದು, ಅದೂ ಅರ್ಧ ಕರಗಿದ್ದು.

ಬೆಳಿಗ್ಗೆ ಐದೂವರೆಗೆ ಹೊರಟರು. ಮಾವ ನಾಲ್ಕು ಚಕ್ರ ಒದ್ದು ನೋಡಿ, ಕನ್ನಡಿ ಒರೆಸಿ, ಲಾಗ್‌ಬುಕ್ಕಿನಲ್ಲಿ ಸಮಯ ಮತ್ತು ಮೀಟರ್ ಓದು ಬರೆದು, ಕೊನೆಗೆ ಹಿಂದಿನಿಂದ ಒಂದು ಹಲಗೆ ತಂದು ಸೀಟಿನ ಮೇಲೆ ಹಾಕಿಕೊಂಡು ಕೂತ.

"ಮಾವ, ಅದು ಅಳತೆ ಹಲಗೆ. ಕೂರೋದಕ್ಕಲ್ಲ."

"ನನ್ನ ಸೊಂಟಕ್ಕೆ ಅಳತೆ ಸರಿಯಾಗೇ ಇದೆ. ನೀನು ಬಾಗಿಲು ಹಾಕು."

"ಸರ್ಕಾರದ ವಸ್ತು."

"ನಾನೂ ಸರ್ಕಾರದ ವಸ್ತುವೇ. ಇಪ್ಪತ್ತು ವರ್ಷದಿಂದ ಇದೇ ಸೀಟಲ್ಲಿ ಸವೀತಿದೀನಿ. ನೀನು ಇನ್ನೂ ಪ್ಯಾಕಿಂಗೇ ಬಿಚ್ಚಿಲ್ಲ."

ಮೊದಲನೆಯ ಮೋಡ ಹತ್ತು ಗಂಟೆಗೆ ಕಂಡಿತು. ಹೂಕೋಸಿನಂತೆ ಉಬ್ಬಿ ಉಬ್ಬಿ ಮೇಲೇರುತ್ತಿತ್ತು. ಎರಡು ಗಂಟೆ ಅದರ ಹಿಂದೆ ಹೋದರು. ಇವರು ಸಮೀಪಿಸುವಷ್ಟರಲ್ಲಿ ಅದು ಹಿಂಜಿದ ಹತ್ತಿಯಾಗಿ ಚದುರಿಹೋಯಿತು. "ಎಂಬತ್ತರಲ್ಲಿ ಹೋಗಿದ್ರೆ ಸಿಗ್ತಿತ್ತು" ಎಂದ ಅಳಿಯ. "ಎಂಬತ್ತರಲ್ಲಿ ಹೋದೋರೆಲ್ಲ ಸಿಕ್ಕಿದ್ದಾರೆ, ಆಸ್ಪತ್ರೇಲಿ" ಎಂದ ಮಾವ.

ಎರಡನೆಯದು ಮಧ್ಯಾಹ್ನ. ಇದು ನಿಜವಾದ ಆಸಾಮಿ, ಹೊಟ್ಟೆಯಲ್ಲಿ ಗುಡುಗು ತುಂಬಿಕೊಂಡಿತ್ತು. ಆದರೆ ಅದು ಹೊಳೆ ದಾಟಿತು. ಸೇತುವೆ ಹದಿನೆಂಟು ಕಿಲೋಮೀಟರ್ ಕೆಳಗಿತ್ತು. ದಡದಲ್ಲಿ ವ್ಯಾನು ನಿಲ್ಲಿಸಿ ಇಬ್ಬರೂ ಆಚೆ ದಡದಲ್ಲಿ ಮಿಂಚುವುದನ್ನು ನೋಡುತ್ತಾ ಡಬ್ಬಿ ಬಿಚ್ಚಿ ಊಟ ಮಾಡಿದರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

"ಇಪ್ಪತ್ತಮೂರನೇ ಸಲ" ಎಂದ ಅಳಿಯ, ಬಾಯಲ್ಲಿ ತುತ್ತಿಟ್ಟುಕೊಂಡೇ. "ನಿಮಗೇನು? ಸೋಮವಾರದಿಂದ ಸಾಹೇಬರ ಕಾರು. ಬಾಗಿಲು ತೆಗಿ, ಬಾಗಿಲು ಹಾಕು. ಬೇಕೂಂತಲೇ ನಿಧಾನ ಮಾಡ್ತಿದೀರ."

ಮಾವ ಡಬ್ಬಿಯ ಮುಚ್ಚಳ ಹಾಕಿದ. "ಬೇಕೂಂತ ಮಾಡೋನಾಗಿದ್ರೆ ಕೆಲಸಾನೇ ಕೊಡಿಸ್ತಿರ್ಲಿಲ್ಲ. ಬುದ್ಧಿಯಿಲ್ದೆ ಕೊಡಿಸ್ದೆ."

"ಕೊಡಿಸಿದ್ದು, ಕೊಡಿಸಿದ್ದು. ಹಣೆ ಮೇಲೆ ಹಚ್ಚೆ ಹಾಕಿಸ್ಕೊಳ್ಲಾ?"

"ಹಾಕಿಸ್ಕೋ. ನಿಮ್ಮಮ್ಮನ ಬೀರು ಬಾಗಿಲಿಗೆ ಅದನ್ನೂ ಅಂಟಿಸಲಿ." ಅವನು ಕೈ ತೊಳೆಯುತ್ತಾ ಸೇರಿಸಿದ. "ಜಾಸ್ತಿ ಮಾತಾಡಿದ್ರೆ ನೋಡು, ಇವತ್ತು ಸಂಜೆ ನಾನೇ ಹೋಗಿ ಅಕ್ಕನ ಹತ್ರ ರಾಜಿ ಮಾಡ್ಕೋತೀನಿ."

ಅಳಿಯ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸು ಹಾಕಿದ. ಇದಕ್ಕಿಂತ ಘೋರವಾದ ಬೆದರಿಕೆಯನ್ನು ಅವನು ಕೇಳಿರಲಿಲ್ಲ.

ಮೂರನೆಯದರ ಸುದ್ದಿ ನಾಲ್ಕು ಗಂಟೆಗೆ ವೈರ್‌ಲೆಸ್‌ನಲ್ಲಿ ಬಂತು. "ಎರಡನೇ ಗಾಡಿ, ಎಲ್ಲಿದೀರಿ? ಪಡುವಲಿಂದ ದೊಡ್ಡದು ಬರ್ತಿದೆ. ಒಳಗೆ ನಿಂಬೆಗಾತ್ರದ ಕಲ್ಲಿದೆ. ಮುಂದಿನ ನಾಲ್ಕು ದಾರಿ ಕೂಡೋ ಜಾಗಕ್ಕೆ ಐದೂಕಾಲಿಗೆ ಮುಟ್ಟುತ್ತೆ. ಈ ವರ್ಷ ಇದೇ ಕೊನೆ" ಎಂದರು ರಾಡಾರ್ ಮೇಡಂ. ಮೇಡಂ ಯಾವತ್ತೂ ಹೆಚ್ಚು ಮಾತಾಡುವವರಲ್ಲ. 'ಕೊನೆ' ಎಂದ ಮೇಲೆ ಟಕ್ಕನೆ ಕಟ್ ಮಾಡಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಪಡುವಣವೆಲ್ಲ ಹಳೆಯ ತಾಮ್ರದ ಪಾತ್ರೆಯ ಹಸಿರು ಬಣ್ಣಕ್ಕೆ ತಿರುಗಿತು. ಗಾಳಿ ನಿಂತಿತು. ನಾಲ್ಕು ದಾರಿ ಇನ್ನೂ ಐದು ಕಿಲೋಮೀಟರ್ ಇತ್ತು. ಆಗ ಮಾವ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ರಸ್ತೆ ಬದಿಯ ಪೆಟ್ರೋಲ್ ಬಂಕಿನ ಚಾವಣಿಯಡಿಗೆ ವ್ಯಾನನ್ನು ನಿಧಾನವಾಗಿ ತಂದು ನಿಲ್ಲಿಸಿದ.

"ಇಲ್ಲಿಗೆ ಸಾಕು."

"ಸಾಕಾ? ಮಾವ, ಐದೇ ಕಿಲೋಮೀಟರ್!"

"ನಿಂಬೆಗಾತ್ರ ಅಂದ್ರೆ ಗಾಡಿ ಸೂರಿನಡಿ ಇರ್ಬೇಕು. ನಿಯಮದ ಪುಸ್ತಕದಲ್ಲಿದೆ, ಹನ್ನೆರಡನೇ ಪುಟ. ಗಾಜು ಹೋದ್ರೆ ಯಾರು ಜವಾಬ್ದಾರಿ?"

"ನನ್ನ ಕೆಲಸ ಹೋದ್ರೆ ಯಾರು ಜವಾಬ್ದಾರಿ?"

"ಪರೀಕ್ಷೇಲಿ ಎರಡು ಸಲ ಹೋಯ್ತಲ್ಲ, ಆಗ ಯಾರಾಗಿದ್ರೋ ಅವ್ರೇ."

ಮಾವ ಸೊಂಟ ಹಿಡಿದುಕೊಂಡು ಇಳಿದ. ವೈರ್‌ಲೆಸ್ ಓಡಲಿ ಎಂದು ಕೀಲಿಯನ್ನು ಅಲ್ಲೇ ಬಿಟ್ಟಿದ್ದ. ಸೀಟಿನ ಹಲಗೆಯನ್ನು ಒಂದು ಕಂಕುಳಲ್ಲಿ, ಲಾಗ್‌ಬುಕ್ಕನ್ನು ಇನ್ನೊಂದರಲ್ಲಿ ಸಿಕ್ಕಿಸಿಕೊಂಡು ಚಾವಣಿಯಾಚೆ, ಬಂಕಿನ ಅಂಚಿನ ಕಟ್ಟೆಗೆ ಹೋಗಿ, ಹಲಗೆ ಹಾಸಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿ ಸಮಯ, ಜಾಗ, ಮೀಟರ್ ಓದು ಬರೆಯತೊಡಗಿದ.

ಅಳಿಯ ಡ್ರೈವರ್ ಸೀಟಿಗೆ ಸರಿದದ್ದು ಯೋಚಿಸಿ ಅಲ್ಲ. ಯೋಚನೆ ಅವನಿಗೆ ಯಾವತ್ತೂ ಎರಡು ದಿನ ತಡವಾಗಿಯೇ ಬರುವುದು. ವ್ಯಾನು ಹೊರಟಾಗ ಮಾವ ಕಟ್ಟೆಯಿಂದ ಎದ್ದ.

"ಏಯ್! ಏಯ್ ವಿಜ್ಞಾನಿ! ಆರ್ಡರ್ ಇಲ್ಲ ನಿನಗೆ, ಇಳಿಯೋ ಕೆಳಗೆ!"

"ನೀನು ಗಾಜು ಕಾಯ್ಕೊಂಡು ಕೂತ್ಕೋ!" ಎಂದು ಕಿಟಕಿಯಿಂದ ಕೂಗಿ ಅಳಿಯ ಗೇರು ಬದಲಿಸಿದ. ಹುಟ್ಟಿದಾಗಿನಿಂದ ಮಾವನನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾಲಿಗೆಗೆ ಹಾಯೆನಿಸಿತು.

ತೊಂಬತ್ತರಲ್ಲಿ ಹೋದ. ಇಡೀ ವ್ಯಾನು ಹಲ್ಲು ಕಡಿಯಿತು. ನಾಲ್ಕು ದಾರಿಯ ಬಯಲಲ್ಲಿ ಹದಿನೇಳು ಹಲಗೆಗಳನ್ನೂ ಕಲ್ಲು ಯಾವ ಕಡೆಯಿಂದ ಬಿತ್ತೆಂದು ತಿಳಿಯಲು ಉತ್ತರಕ್ಕೆ ಬಾಣದ ಗುರುತು ಹಾಕಿ ಹಾಸಿದ, ಚೀಟಿಯಲ್ಲಿ ಸಮಯ ಬರೆದ, ಹಿಂದೆ ಸರಿದು ಕಾದ. ಐದೂಕಾಲು ಆಯಿತು. ಐದೂವರೆ ಆಯಿತು. ಬಂದದ್ದು ಗಾಳಿ. ಬರಿಯ ಗಾಳಿ, ಕಣ್ಣಿಗೆ ಮಣ್ಣೆರಚುವಂಥದ್ದು. ಹಲಗೆಗಳು ಒಂದೊಂದಾಗಿ ಎದ್ದು ಬೆಳ್ಳಿ ಹಕ್ಕಿಗಳ ಹಾಗೆ ಬಯಲು ದಾಟಿ ಹೊರಟವು. ಅವನು ಅವುಗಳ ಹಿಂದೆ ಓಡಿದ. ಬಿರುಮಳೆ ಬೆನ್ನಟ್ಟಲು ಬಂದವನು ಫೋಮಿನ ತುಂಡು ಬೆನ್ನಟ್ಟುತ್ತಿದ್ದಾಗ, ವ್ಯಾನಿನೊಳಗಿಂದ ಮೇಡಂ ದನಿ: "ಎರಡನೇ ಗಾಡಿ, ಮೋಡ ತಿರುಗಿದೆ. ನಿಮ್ಮ ಹಿಂದೆ, ಐದು ಕಿಲೋಮೀಟರ್. ಬಂಕಿನ ಹತ್ರ. ಕೇಳಿಸ್ತಾ?"

ಕೇಳಿಸಿತು.

ಒಂಬತ್ತು ಹಲಗೆ ಮಾತ್ರ ಸಿಕ್ಕಿದವು. ಅವನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂಕಿನ ಅಂಗಳದ ತುಂಬ ಬಿಳಿ ಕಲ್ಲು, ಒಂದೊಂದೂ ಆರಿಸಿಟ್ಟ ನಿಂಬೆಯಷ್ಟು. ಚಾವಣಿಯ ತಗಡು ಸಿಡುಬು ಬಂದ ಮುಖದಂತಾಗಿತ್ತು. ಮಾವ ಬಂಕಿನ ಪುಟ್ಟ ಕಚೇರಿಯ ಬಾಗಿಲಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ. ಮೊದಲು ವ್ಯಾನಿನ ಗಾಜು ನೋಡಿದ, ಆಮೇಲೆ ಅಳಿಯನನ್ನು.

"ಬಿತ್ತು" ಎಂದ. "ಚೆನ್ನಾಗೇ ಬಿತ್ತು."

"ನಿಮಗೆ ಗೊತ್ತಿತ್ತು ಇಲ್ಲೇ ಬೀಳುತ್ತೆ ಅಂತ."

"ನನಗೇನು ಗೊತ್ತು? ಗಾಜು ಉಳೀಲಿ ಅಂತ ನಿಲ್ಲಿಸ್ದೆ. ಗೊತ್ತಿರೋದೆಲ್ಲ ನಿನಗಲ್ವಾ."

ಅಳಿಯ ವ್ಯಾನಿನ ಹಿಂಬಾಗಿಲು ತೆಗೆದು ಒಂದು ಪೆಟ್ಟಿಗೆ ಎಳೆದ. ಅದರಲ್ಲಿ ಉಕ್ಕಿನ ಗುಂಡುಗಳಿದ್ದವು, ಬಟಾಣಿಯಿಂದ ನಿಂಬೆಯವರೆಗೆ. ಹೊಸ ಹಲಗೆಗಳು ಬಂದಾಗ ಏಣಿಯ ಮೇಲಿಂದ ಈ ಗುಂಡು ಬೀಳಿಸಿ, ಎಷ್ಟು ದೊಡ್ಡದಕ್ಕೆ ಎಷ್ಟು ಗುಳಿ ಬೀಳುತ್ತದೆಂದು ಮೊದಲೇ ಬರೆದಿಟ್ಟುಕೊಳ್ಳುವುದು ಕಚೇರಿಯ ಕ್ರಮ. ಅವನು ವ್ಯಾನಿನ ತಲೆಯ ಮೇಲೆ ಹತ್ತಿ, ಕೆಳಗೊಂದು ಹಲಗೆಯಿಟ್ಟು, ನಿಂಬೆಗಾತ್ರದ ಗುಂಡು ಬಿಟ್ಟ. ಟಪ್. ಇಳಿದು, ಹೆಕ್ಕಿ, ಮತ್ತೆ ಹತ್ತಿ, ಮತ್ತೆ ಬಿಟ್ಟ. ಬಿದ್ದದ್ದು ಸುಳ್ಳಲ್ಲವಲ್ಲ, ಬಿದ್ದ ಜಾಗದಲ್ಲೇ ಅದೇ ಗಾತ್ರದ್ದು, ಅರ್ಧ ಗಂಟೆ ತಡ ಅಷ್ಟೇ ಎಂದು ತನಗೆ ತಾನೇ ವಕೀಲಿಕೆ ಮಾಡಿಕೊಂಡ. ಆರನೇ ಗುಂಡಿಗೆ ಮಾವ ಲೋಟ ಹಿಡಿದುಕೊಂಡೇ ಹತ್ತಿರ ಬಂದ.

"ಎಷ್ಟು ಹೊಡೀತೀಯ?"

"ನೀವು ನೋಡ್ಲಿಲ್ಲ ಅಂದ್ಕೊಳ್ಳಿ."

"ನಾನು ನೋಡದೆ ಇರಬಹುದು. ಮೇಡಂ ನೋಡ್ತಾರೆ. ಗಾಳೀಲಿ ಬೀಳೋ ಕಲ್ಲು ಓರೆಯಾಗಿ ಬೀಳುತ್ತೆ, ಗುಳಿ ಉದ್ದಕ್ಕೆ ಎಳೆದಿರುತ್ತೆ. ನಿಂದು ನೋಡು, ಗುಂಡಗೆ, ನೆಟ್ಟಗೆ, ಕೇರಂ ಬೋರ್ಡಿನ ಕುಳಿ ಇದ್ದಂಗೆ ಇದೆ." ಒಂದು ಗುಟುಕು ಕುಡಿದ. "ಕಳ್ಳತನಕ್ಕೂ ಸ್ವಲ್ಪ ಓದಿರ್ಬೇಕಪ್ಪ."

ಅಳಿಯ ವ್ಯಾನಿನ ತಲೆಯ ಮೇಲೇ ಕೂತುಬಿಟ್ಟ. ಕೈಯಲ್ಲಿ ಗುಂಡು, ಟೋಪಿ ಗಾಳಿಗೆ ಹೋಗಿತ್ತು, ಬಾಯ ತುಂಬ ಮಣ್ಣು. ಬೀರುವಿನ ಬಾಗಿಲ ಮೇಲಿನ ಅವನ ಫೋಟೋ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಬಂಕಿನ ಹೆಂಗಸು, ಪೆಟ್ರೋಲ್ ಹಾಕುವವಳು, ಪೊರಕೆ ಹಿಡಿದು ಅಂಗಳಕ್ಕೆ ಬಂದಳು. "ರೀ, ಈ ಬೆಳ್ಳಿ ಮಣೆ ನಿಮ್ದಾ? ಕಟ್ಟೆ ಮೇಲೆ ಬಿಟ್ಟು ಓಡಿಬಂದ್ರಲ್ಲ. ತಗೊಂಡು ಹೋಗಿ, ನಾನು ಗುಡಿಸ್ಬೇಕು."

ಮಾವನ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅಳಿಯ ಮೇಲಿಂದ ಹಾರಿ ಮಂಡಿ ತರಚಿಕೊಂಡ.

ಹಲಗೆ ಕಟ್ಟೆಯ ಮೇಲೆ, ಹಾಸಿದಲ್ಲೇ ಇತ್ತು. ನಡುವೆ ಮಾವ ಬೆಳಿಗ್ಗೆಯಿಂದ ಕೂತು ಮಾಡಿದ ಅಗಲವಾದ ತಗ್ಗು. ಅದರ ಸುತ್ತ, ಅಂಚಿನವರೆಗೂ, ಎಳೆದಂತಿದ್ದ ಓರೆ ಗುಳಿಗಳು. ಅಳಿಯ ಅಳತೆಪಟ್ಟಿ ಇಟ್ಟ. ನಿಂಬೆ. ಇನ್ನೊಂದು, ನಿಂಬೆ. ಇನ್ನೊಂದು, ಅದಕ್ಕಿಂತ ತುಸು ದೊಡ್ಡದು. ಹಲಗೆಯ ಹಿಂದೆ ನಂಬರಿತ್ತು. ಕದಲಿರಲಿಲ್ಲ, ಆದ್ದರಿಂದ ಉತ್ತರ ಯಾವ ಕಡೆ ಎಂದು ಈಗಲೂ ಗುರುತು ಹಾಕಬಹುದಿತ್ತು. ಸಮಯವೂ ಜಾಗವೂ ಲಾಗ್‌ಬುಕ್ಕಿನಲ್ಲಿದ್ದವು. ಇಡೀ ಋತುವಿನಲ್ಲಿ ನಿಯಮದ ಪ್ರಕಾರ ಹಾಸಿದ ನೂರಾರು ಹಲಗೆಗಳಿಗೆ ಸಿಗದದ್ದು, ನಿಯಮ ಮೀರಿ ಕುಂಡೆಯಡಿ ಹಾಕಿಕೊಂಡ ಒಂದಕ್ಕೆ ಸಿಕ್ಕಿತ್ತು.

"ಮಾವ" ಎಂದ ಅಳಿಯ. ಮತ್ತೆ ಬಹುವಚನ ನಾಲಿಗೆಗೆ ಬಂದಿತ್ತು. "ಲಾಗ್‌ಬುಕ್ ಕೊಡಿ."

ಮಾವ ಕೊಡಲಿಲ್ಲ. ಕಟ್ಟೆ ಒರೆಸಿ ಕೂತು, ಪುಸ್ತಕ ತೊಡೆಯ ಮೇಲಿಟ್ಟು, ಎದ್ದು ವ್ಯಾನಿನ ಮೀಟರ್ ನೋಡಿ ಬಂದು, ಮತ್ತೆ ಕೂತ. ಅಳಿಯನಿಗೆ ಆಗ ಹೊಳೆಯಿತು. ಈ ಹಲಗೆ ಲಾಗ್‌ಬುಕ್ಕಿನ ಪುಟವಿಲ್ಲದೆ ನಡೆಯುವುದಿಲ್ಲ. ಪುಟದಲ್ಲಿ ಬಂಕಿಗೆ ಬಂದಾಗಿನ ಮೀಟರ್ ಓದು ಮೊದಲೇ ಬರೆದಾಗಿದೆ. ಈಗಿನದಕ್ಕೂ ಅದಕ್ಕೂ ಹತ್ತು ಕಿಲೋಮೀಟರ್ ವ್ಯತ್ಯಾಸ.

"ಮಾವ, ಆ ಹತ್ತು ಕಿಲೋಮೀಟರು ನೀವೇ ಓಡಿಸಿದ್ದು ಅಂತ ಬರೆದುಬಿಡಿ."

"ನಾನಿಲ್ಲಿ ಚಹಾ ಕುಡೀತಿದ್ದೆ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ."

"ಅನುಮತಿಯಿಲ್ದೆ ಗಾಡಿ ತಗೊಂಡ್ರೆ ವಜಾ ಮಾಡ್ತಾರೆ. ನಿಮ್ಮಕ್ಕನ ಮಗ ನಾನು."

"ಗೊತ್ತು. ಅದಕ್ಕೇ ಇಷ್ಟು ದಿನ ಸಹಿಸ್ಕೊಂಡೆ."

ಮಾವ ಬರೆದ. ಅವನ ಅಕ್ಷರ ಅವನ ಡ್ರೈವಿಂಗಿನಂತೆಯೇ, ಒಂದೂ ಗೆರೆ ದಾಟುವುದಿಲ್ಲ. ಬರೆದು ಪುಸ್ತಕವನ್ನು ಅಳಿಯನ ಕಡೆ ತಿರುಗಿಸಿದ. ಅಳಿಯ ತನ್ನ ಅಪರಾಧದ ಸಾಲು ಹುಡುಕಿದ. ಆದರೆ ಮೊದಲು ಕಣ್ಣಿಗೆ ಬಿದ್ದದ್ದು ಅದರ ಮೇಲಿನದು: 'ಚಾಲಕನು ಅಳತೆ ಹಲಗೆಯನ್ನು ನಿಯಮಕ್ಕೆ ವಿರುದ್ಧವಾಗಿ ಆಸನವಾಗಿ ಬಳಸಿ, ಆಲಿಕಲ್ಲು ಆರಂಭವಾದಾಗ ಕಟ್ಟೆಯ ಮೇಲೆ ಬಿಟ್ಟು ಓಡಿರುತ್ತಾನೆ.' ಕೆಳಗೆ: 'ವೀಕ್ಷಕನು ಚಾಲಕನ ಅನುಮತಿಯಿಲ್ಲದೆ ವಾಹನವನ್ನು ಹತ್ತು ಕಿ.ಮೀ. ಚಲಾಯಿಸಿರುತ್ತಾನೆ.' ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಮೆಮೊ ಕಾಣದ ಮನುಷ್ಯ ಎರಡು ಸಾಲನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದ.

"ವೀಕ್ಷಕನ ಸಹಿ ಅಲ್ಲಿ" ಎಂದ ಮಾವ, ಪೆನ್ನು ಚಾಚಿ. "ಹಾಕದಿದ್ರೆ ಈ ಪುಟ ನಡೆಯಲ್ಲ. ಹಲಗೇನೂ ಇಲ್ಲ, ನಿನ್ನ ಹತ್ತು ಕಿಲೋಮೀಟರೂ ಇಲ್ಲ. ಓಟ ವಿಫಲ ಅಂತ ಒಂದು ಗೆರೆ ಎಳೀತೀನಿ. ಹಾಕಿದ್ರೆ ಎಲ್ಲ ಇದೆ."

ಸಹಿ ಹಾಕದಿದ್ದರೆ ಸೋಮವಾರ ಮನೆಗೆ ಹೋಗುವುದು ಮರ್ಯಾದೆಯಾಗಿ. ಋತು ಮುಗಿಯಿತು, ಕಲ್ಲು ಬೀಳಲಿಲ್ಲ, ಯಾರ ತಪ್ಪೂ ಇಲ್ಲ. ಹಾಕಿದರೆ ಹಲಗೆ ಗೆಲ್ಲುತ್ತದೆ, ಅವನು ಅವಮಾನ ಹೊತ್ತು ಹೋಗುತ್ತಾನೆ. ಅಳಿಯ ಹಲಗೆಯ ಕಡೆ ನೋಡಿದ. ಇಪ್ಪತ್ತಮೂರು ಓಟ, ಇಷ್ಟು ಬೈಗುಳ, ಇಷ್ಟು ಹೊಟ್ಟೆಯುರಿ. ಅವನು ನಿಜವಾಗಿ ನೋಡಬೇಕೆಂದುಕೊಂಡಿದ್ದು ಅಲ್ಲಿತ್ತು, ಮಾವನ ಅಂಡಿನ ತಗ್ಗಿನ ಸುತ್ತ. ಅದರ ಮೇಲೆ ಗೆರೆ ಎಳೆಸಲು ಕೈ ಬರಲಿಲ್ಲ. ಹಾಗೂ, ಮುಚ್ಚಿಡುವುದೇಕೆ, ಈ ಮುದುಕ ತನ್ನ ಸಾಲು ಬರೆದುಕೊಂಡು ಕೂತಿರುವಾಗ ತಾನು ಜಾರಿಕೊಂಡರೆ ಇನ್ನು ಜೀವಮಾನವಿಡೀ ಆ ಮುಖ ನೋಡುವುದು ಹೇಗೆ ಎಂಬ ಸಿಟ್ಟೂ ಇತ್ತು.

ಸಹಿ ಹಾಕಿದ. ಒದ್ದೆ ಕೈಗೆ ಪೆನ್ನು ಜಾರಿತು.

"ಒತ್ತಿ ಹಾಕು" ಎಂದ ಮಾವ. "ಪರೀಕ್ಷೇಲೂ ಹೀಗೇ ಬರೆದಿರ್ಬೇಕು."

ವಾಪಸು ದಾರಿಯುದ್ದಕ್ಕೂ ಹಲಗೆ ಅಳಿಯನ ತೊಡೆಯ ಮೇಲಿತ್ತು. ವ್ಯಾನು ಅರವತ್ತರಲ್ಲೇ ಹೋಯಿತು. ಅವತ್ತು ಅವನಿಗೆ ಅದು ಹೆಚ್ಚೆನಿಸಿತು.

ಬೆನ್ನಟ್ಟುವ ಕೆಲಸ ಇನ್ನೆರಡು ವರ್ಷಕ್ಕೆ ಮುಂದುವರಿಯಿತು. ವೀಕ್ಷಕನ ಹುದ್ದೆ ಕಾಯಂ ಆಯಿತು, ಅದಕ್ಕೆ ಬೇರೊಬ್ಬಳು ಬಂದಳು, ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಅಳಿಯನನ್ನು ಮೇಡಂ ಪೂರ್ತಿ ಹೊರಹಾಕಲಿಲ್ಲ. "ಸುಳ್ಳು ಹಲಗೆ ತರದೆ ಇದ್ದದ್ದಕ್ಕೆ" ಎಂದರು. ಆ ಆರು ಗುಂಡುಗಳ ವಿಷಯ ಲಾಗ್‌ಬುಕ್ಕಿನಲ್ಲಿರಲಿಲ್ಲ, ಅಲ್ಲಿ ಓಡಿದ ಗಾಡಿಯ ಲೆಕ್ಕ ಮಾತ್ರ ಬರೆಯುವುದು. ಅವನು ನೆಲ ನೋಡಿದ. ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಅವನಿಗೆ ದಿನಗೂಲಿ ಕೆಲಸ ಸಿಕ್ಕಿತು, ಹಲಗೆಗಳಿಗೆ ಹಾಳೆ ಸುತ್ತುವುದು. ಮಾವನಿಗೆ ಅವನ ಮೊದಲ ಮೆಮೊ ಬಂತು. ಅದನ್ನು ಅವನು ಕ್ಷಮಿಸಿಲ್ಲ, ಕ್ಷಮಿಸುವ ಲಕ್ಷಣವೂ ಇಲ್ಲ.

ಮೆಮೊ ಬಂದ ದಿನ ಸಂಜೆ ಮಾವ ನೆಟ್ಟಗೆ ಅಕ್ಕನ ಮನೆಗೆ ಹೋದ. ಮೂರು ವರ್ಷದ ಜಗಳ ಎರಡು ಲೋಟ ಚಹಾದಲ್ಲಿ ಮುಗಿಯಿತು. ಇಬ್ಬರಿಗೂ ಬೈಯಲು ಒಬ್ಬನೇ ಸಿಕ್ಕಿದ್ದ. ಅಳಿಯ ಮನೆಗೆ ಬರುವಾಗ ಬೀರುವಿನ ಬಾಗಿಲು ಬರಿದಾಗಿತ್ತು. "ಬಂದ್ಯಾ, ಕಾಯಂ ಸಾಹೇಬ?" ಎಂದಳು ಅಮ್ಮ. ಹೊಲಿಗೆ ಮಷೀನು ಮುಂದಿನ ವಾರ ವ್ಯಾನಿನಲ್ಲಲ್ಲ, ಕೈಗಾಡಿಯಲ್ಲಿ ಬಂತು. ಕಚೇರಿ ವಾಹನವನ್ನು ಸ್ವಂತಕ್ಕೆ ಬಳಸುವಂತಿಲ್ಲ, ಹದಿನಾಲ್ಕನೇ ಪುಟ.

ಈಗ ಪ್ರತಿ ಬೆಳಿಗ್ಗೆ ಐದೂಕಾಲಿಗೆ ಮಾವ ಶೆಡ್ಡಿನ ಬಾಗಿಲಿಗೆ ಬಂದು ಹಲಗೆ ಎಣಿಸುತ್ತಾನೆ. ಹದಿನೆಂಟರ ಪಕ್ಕ ಅಳಿಯ ಇನ್ನೊಂದು ಇಟ್ಟಿರುತ್ತಾನೆ, ತುಸು ದಪ್ಪದ್ದು, ನಂಬರಿಲ್ಲದ್ದು. ಅಳತೆ ಹಲಗೆಯ ಮೇಲೆ ಕೂತು ಮಾವನಿಗೆ ಮೆಮೊ ಇನ್ನೊಂದು ಬಂದರೆ ಅದೂ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ ಎಂಬ ಭಯಕ್ಕೆ. ಮಾವ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿ, ಬೆಂಚಿನ ಮೇಲೆ ವಾಪಸು ಎಸೆಯುತ್ತಾನೆ.

"ಸುಕ್ಕಿದೆ, ವಿಜ್ಞಾನಿ. ಬಿಚ್ಚಿ ಸುತ್ತು."